ನೋಲೀನಳ ಇಲಿಪೆಟ್ಟಿಗೆ

ಇಂಗಮ್ ಊರಿನಲ್ಲಿ ಹಾವು ಸಾಕದವರಿಗೂ ನೋಲೀನ್ ಟ್ಯಾಪ್ಸೆಲ್ ಗೊತ್ತು. ಮೂವತ್ತು ವರ್ಷ ಆಸ್ಪತ್ರೆಯ ಅಡುಗೆಮನೆ ನಡೆಸಿದವಳು. ಆ ಮೂವತ್ತು ವರ್ಷದಲ್ಲಿ ಅವಳ ಕೈಯ ಊಟ ತಿಂದು ಒಬ್ಬನಿಗಾದರೂ ಹೊಟ್ಟೆ ಕೆಟ್ಟಿತು ಅಂತ ಯಾರೂ ಹೇಳಿಲ್ಲ. ರುಚಿಯ ವಿಷಯ ಬೇರೆ. ರುಚಿಯ ಬಗ್ಗೆ ಊರು ಸಾಕಷ್ಟು ಮಾತಾಡಿದೆ. ನಿವೃತ್ತಿಯಾದ ಮೇಲೂ ಅವಳು ಊಟ ಹಾಕುವ ಕೆಲಸ ಬಿಡಲಿಲ್ಲ, ಉಣ್ಣುವವರು ಬದಲಾದರು ಅಷ್ಟೆ. ಈಗ ಅವಳ ಪಂಕ್ತಿಯಲ್ಲಿ ಕೂರುವವು ಸುತ್ತಲಿನ ಮೂವತ್ತೊಂದು ಮನೆಗಳ ಹೆಬ್ಬಾವುಗಳು.

ಈ ಮೂವತ್ತೊಂದು ಮನೆಯವರದ್ದೊಂದು ಕೂಟವಿದೆ. ಹಾವುಗಳಿಗೆ ಬೇಕಾದ ಇಲಿಗಳು ದಕ್ಷಿಣದಿಂದ, ಸತ್ತು ಹೆಪ್ಪುಗಟ್ಟಿ, ಎರಡು ತಿಂಗಳಿಗೊಮ್ಮೆ ಲಾರಿಯಲ್ಲಿ ಬರುತ್ತವೆ. ಮನೆಮನೆಗೆ ಹತ್ತತ್ತು ಇಲಿ ಇಳಿಸಿ ಹೋಗುವಷ್ಟು ಪುರುಸೊತ್ತು ಯಾವ ಲಾರಿಯವನಿಗೂ ಇಲ್ಲ. ಹಾಗಾಗಿ ಎಲ್ಲರ ಇಲಿಯೂ ನೋಲೀನಳ ಮನೆಗೇ ಬಂದಿಳಿಯುತ್ತದೆ. ಕಂಬಗಳ ಮೇಲೆ ಎತ್ತರಕ್ಕೆ ನಿಂತ ಹಳೇ ಮರದ ಮನೆ ಅದು. ಕೆಳಗಿನ ಖಾಲಿ ಜಾಗದಲ್ಲಿ, ಬಟ್ಟೆ ಒಗೆಯುವ ಯಂತ್ರದ ಪಕ್ಕಕ್ಕೆ, ಒಬ್ಬ ಮನುಷ್ಯ ಕಾಲು ಚಾಚಿ ಮಲಗಬಹುದಾದಷ್ಟು ಉದ್ದದ ಬಿಳಿ ಫ್ರೀಜರ್. ಅದಕ್ಕೊಂದು ಬೀಗ. ಕೀಲಿ ಹತ್ತೊಂಬತ್ತು ವರ್ಷದಿಂದ ನೋಲೀನಳ ಕೊರಳಲ್ಲಿ. ಶಿಲುಬೆ ಇರಬೇಕಾದ ಜಾಗದಲ್ಲಿ ಇಲಿಪೆಟ್ಟಿಗೆಯ ಕೀಲಿ ನೇತುಹಾಕಿಕೊಂಡವಳನ್ನು ದೇವರು ಯಾವ ಬಾಗಿಲಿಂದ ಒಳಗೆ ಬಿಡುತ್ತಾನೋ ಅಂತ ಕಬ್ಬಿನ ರೈತ ಕ್ಲಾಡಿಯೊ ಪುಲ್ವಿರೆಂಟಿ ಪ್ರತಿ ಸಲ ಚಿಂತೆ ವ್ಯಕ್ತಪಡಿಸುತ್ತಾನೆ.

ಇಲಿ ಕದಿಯುವವರು ಯಾರಿದ್ದಾರೆ, ಬೀಗ ಯಾಕೆ ಅಂತ ಹೊಸಬರು ನಗುವುದುಂಟು. ಬೀಗ ಇರುವುದು ಒಯ್ಯುವವರಿಗಲ್ಲ, ವಾಪಸ್ ಇಡುವವರಿಗೆ. ಹಾವು ಸಾಕುವವರ ಜಾತಿಯೇ ಅಂಥದ್ದು. ಇಲಿಯನ್ನು ಕರಗಿಸಿ, ಬೆಚ್ಚಗೆ ಮಾಡಿ, ಇಕ್ಕಳದಲ್ಲಿ ಹಿಡಿದು ಮುಂದೆ ಆಡಿಸುತ್ತಾರೆ. ಮಹಾರಾಣಿ ಹಾವು ಮುಖ ತಿರುಗಿಸುತ್ತದೆ. ಒಳ್ಳೇ ಇಲಿ ದಂಡವಾಯಿತಲ್ಲ ಅಂತ ಇವರ ಹೊಟ್ಟೆ ಉರಿಯುತ್ತದೆ. ಯಾರೂ ನೋಡದಾಗ ಅದನ್ನು ಮತ್ತೆ ಫ್ರೀಜರಿಗೆ ತುರುಕುತ್ತಾರೆ. ಮರುದಿನ ಕಲ್ಲಿನಂತೆ ಗಟ್ಟಿಯಾಗಿರುತ್ತದೆ, ನೋಡಿದರೆ ಹೊಸದೇ. ಈ ಒಂದು ಕೆಲಸವನ್ನು ನೋಲೀನ್ ಎಂದೂ ಯಾರಿಗೂ ಕ್ಷಮಿಸಿದವಳಲ್ಲ.

ಶಾಲಾ ಬಸ್ಸಿನ ಡ್ರೈವರ್ ಜ್ಯಾನೀನ್ ಮಲ್ಕಾಹಿ ಇದನ್ನು ಕಲಿತದ್ದು ಎಂಟು ವರ್ಷದ ಹಿಂದೆ. ಆಗ ಅವಳಿಗೆ ಮೂವತ್ತೆಂಟು. ಗಂಡ ಮನೆ ಬಿಟ್ಟು ಹೋಗುವಾಗ ಟೀವಿ ಒಯ್ದ, ಮೀನು ಹಿಡಿಯುವ ದೋಣಿ ಒಯ್ದ, ಗಾಜಿನ ಪೆಟ್ಟಿಗೆಯಲ್ಲಿದ್ದ ಹೆಬ್ಬಾವನ್ನು ಮಾತ್ರ ಬಿಟ್ಟುಹೋದ. ಹಾವನ್ನು ಮುಟ್ಟಲೂ ಹೆದರುತ್ತಿದ್ದ ಜ್ಯಾನೀನ್ ಮೂರು ವಾರ ಅದರ ಮುಖ ನೋಡುತ್ತಾ ಕಳೆದಳು. ಕೊನೆಗೆ ಯಾರೋ ಹೇಳಿದರು ಅಂತ ನೋಲೀನಳ ಮನೆ ಕೆಳಗೆ ಬಂದು ನಿಂತಳು. ಅಳು ಬರುವಂತಿತ್ತು. ನೋಲೀನ್ ಸಮಾಧಾನ ಗಿಮಾಧಾನ ಏನೂ ಹೇಳಲಿಲ್ಲ.

"ಕೊನೇ ಸಲ ಯಾವಾಗ ತಿಂದಿದ್ದು?"

"ನಾನು ಒಂದು ವಾರದಿಂದ ಸರಿಯಾಗಿ ಊಟಾನೇ ಮಾಡಿಲ್ಲ."

"ನಿನ್ನನ್ನ ಕೇಳಲಿಲ್ಲ ಚಿನ್ನ. ಹಾವು."

ಆಮೇಲೆ ಅವಳೇ ಕಲಿಸಿದಳು. ಇಲಿಯನ್ನು ಮುಚ್ಚಳದ ಡಬ್ಬಿಯಲ್ಲಿ ಹಾಕಿ ಫ್ರಿಜ್ಜಿನ ಕೆಳಗಿನ ಖಾನೆಯಲ್ಲಿ ಒಂದು ರಾತ್ರಿ ಇಡಬೇಕು, ಅಡುಗೆಕಟ್ಟೆಯ ಮೇಲಲ್ಲ. ತಿನ್ನಿಸುವ ಮೊದಲು ಚೀಲ ಸಮೇತ ಬಿಸಿನೀರಲ್ಲಿ ಅದ್ದಿ ಮೈಶಾಖ ಬರಿಸಬೇಕು, ಕಾಗದದಲ್ಲಿ ಒರೆಸಿ ಕೊಡಬೇಕು. ತಿನ್ನದಿದ್ದರೆ ಮಣ್ಣಿಗೆ ಹಾಕಬೇಕು, ಮತ್ತೆ ಫ್ರೀಜರಿಗಲ್ಲ.

"ಇಲಿ ಅಂದ್ರೆ ಕುರಿ ತೊಡೆ ಅಲ್ಲ," ಅಂದಿದ್ದಳು ನೋಲೀನ್. "ಕರುಳು, ಕರುಳೊಳಗಿನ ಹೊಲಸು ಎಲ್ಲ ಸಮೇತ ಇರುತ್ತೆ. ಫ್ರೀಜರ್ ಏನನ್ನೂ ಕೊಲ್ಲಲ್ಲ ಕಣೇ, ಮಲಗಿಸುತ್ತೆ ಅಷ್ಟೆ. ಕರಗಿತು ಅಂದ್ರೆ ಎಲ್ಲ ಏಳುತ್ತೆ, ಎದ್ದು ಸಂಸಾರ ಮಾಡುತ್ತೆ. ಮತ್ತೆ ಮಲಗಿಸಿದ್ರೆ ಎಷ್ಟು ಎದ್ದಿದ್ವೋ ಅಷ್ಟೂ ಅಲ್ಲೇ ಮಲಗಿರುತ್ವೆ. ನೀನು ಅದನ್ನ ಬೆಚ್ಚಗೆ ಮಾಡಿ ಹಾವಿನ ಹೊಟ್ಟೆಗೆ ಕಳಿಸ್ತೀಯ."

ಅಂದಿನಿಂದ ಜ್ಯಾನೀನಳಿಗೆ ನೋಲೀನ್ ಅಂದರೆ ಒಂದು ಬಗೆಯ ಭಕ್ತಿ. ಲಾರಿ ಬಂದ ದಿನ ಸಹಾಯಕ್ಕೆ ಹೋಗುತ್ತಿದ್ದಳು. ಹೋಗುತ್ತಿದ್ದದ್ದು ಅಸಲಿಗೆ ಆ ಕೈಗಳನ್ನು ನೋಡಲಿಕ್ಕೆ. ಇಲಿಗಳನ್ನು ನೋಲೀನ್ ರಾಶಿ ಸುರಿಯುತ್ತಿರಲಿಲ್ಲ. ಒಂದೊಂದನ್ನೂ ತಿರುಗಿಸಿ ಹೊಟ್ಟೆ ನೋಡುವಳು. ಹೊಟ್ಟೆ ಹಸಿರುಗಟ್ಟಿದ್ದರೆ ದಾರಿಯಲ್ಲೆಲ್ಲೋ ಕರಗಿದೆ ಅಂತ ಅರ್ಥ, ಅದು ನೇರ ಕಸಕ್ಕೆ. ಉಳಿದವನ್ನು ಟ್ರೇ ಮೇಲೆ ಒಂದಕ್ಕೊಂದು ತಾಗದಂತೆ, ಬಾಲ ನೇರ ಮಾಡಿ ಸಾಲಾಗಿ ಜೋಡಿಸಿ ಫ್ರೀಜರಿಗೆ ಇಡುವಳು. ಒಂದು ದಿನ ಬಿಟ್ಟು ಚೀಲಕ್ಕೆ ತುಂಬುವಳು. ಹಾಗೆ ತುಂಬಿದ ಚೀಲ ಅಲ್ಲಾಡಿಸಿದರೆ ಬೆಣಚುಕಲ್ಲು ತುಂಬಿದಂತೆ ಖಣಖಣ ಅನ್ನುತ್ತದೆ. ಕರಗಿ ಮತ್ತೆ ಗಟ್ಟಿಯಾದ ಚೀಲ ಸದ್ದು ಮಾಡುವುದಿಲ್ಲ. ಒಂದಕ್ಕೊಂದು ಅಂಟಿ ಮುದ್ದೆಯಾಗಿರುತ್ತದೆ, ಮೂಲೆಯಲ್ಲಿ ಕೆಂಪು ಮಂಜು ಕಟ್ಟಿರುತ್ತದೆ. ಪ್ರತಿ ಚೀಲವನ್ನೂ ಕೊಡುವ ಮುಂಚೆ ನೋಲೀನ್ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುವುದು, ಆಮೇಲೆ "ತಗೊ, ಚೆನ್ನಾಗಿದೆ" ಅನ್ನುವುದು ಕೂಟದ ಕ್ರಮ. ಆ ಮಾತು ಬಿದ್ದರೆ ಅಲ್ಲಿಗೆ ಮುಗಿಯಿತು, ಯಾರೂ ಚೀಲ ಬಿಚ್ಚಿ ನೋಡುತ್ತಿರಲಿಲ್ಲ.

ಈ ವರ್ಷ ಫೆಬ್ರವರಿಯಲ್ಲಿ, ಆ ಸೀಮೆಯ ಮಳೆಗಾಲದ ನಡುವೆ, ನೋಲೀನಳ ಬಲಗಣ್ಣಿನ ಒಳಪರದೆ ಕಿತ್ತುಕೊಂಡಿತು. ಎಡಗಣ್ಣು ಮೊದಲೇ ಮಂದ. ಆಪರೇಷನ್ನಿಗೆ ಟೌನ್ಸ್‌ವಿಲ್‌ಗೆ ಹೋಗಬೇಕು, ಒಂದು ವಾರಕ್ಕೂ ಮೀರಿ ಅಲ್ಲೇ ಮುಖ ಕೆಳಗೆ ಹಾಕಿ ಮಲಗಿರಬೇಕು. ಹೊರಡುವ ಗುರುವಾರ ಕೊರಳಿನಿಂದ ಕೀಲಿ ತೆಗೆದು ಜ್ಯಾನೀನಳ ಕೈಗೆ ಹಾಕಿದಳು. ಹತ್ತೊಂಬತ್ತು ವರ್ಷದಲ್ಲಿ ಅದು ಇನ್ನೊಬ್ಬರ ಕೈಗೆ ಹೋಗಿದ್ದು ಅದೇ ಮೊದಲು.

"ಬರೀ ವಾರದ ಮಟ್ಟಿಗಲ್ಲ," ಅಂದಳು. "ಹೇಗೆ ನೋಡ್ಕೊತೀಯ ಅಂತ ನೋಡಿ ಆಮೇಲೆ ಮಾತಾಡೋಣ."

ಜ್ಯಾನೀನ್ ಮನೆಗೆ ಹೋಗುವವರೆಗೂ ಕೀಲಿಯನ್ನು ಮುಷ್ಟಿಯಲ್ಲೇ ಹಿಡಿದುಕೊಂಡಿದ್ದಳು. ಗಂಡ ಹೋದ ಮೇಲೆ, ಅಷ್ಟೇಕೆ, ಅವನಿದ್ದಾಗಲೂ, ಒಬ್ಬರೂ ಅವಳನ್ನು ಇಷ್ಟು ನಂಬಿದ್ದಿಲ್ಲ. ಆ ಕೀಲಿ ತನ್ನಲ್ಲೇ ಉಳಿಯಬೇಕು ಅಂತ ಅವಳಿಗೆ ಆಸೆಯಾಯಿತು.

ಭಾನುವಾರ ಕೂಟದ ತಿಂಗಳ ಸಭೆ, ನೋಲೀನಳ ಮನೆ ಕೆಳಗೇ. ಚಹಾದ ನೀರು ಕಾಯಿಸುವ ದೊಡ್ಡ ಕರೆಂಟಿನ ಹಂಡೆಯನ್ನು ಯಾವ ಪಾಯಿಂಟಿಗೆ ಹಾಕಿದರೂ ಫ್ಯೂಸ್ ಹೋಗುತ್ತಿತ್ತು. ಗೋಡೆಯ ಒಂದು ಪಾಯಿಂಟ್ ಮಾತ್ರ ಅದರ ಭಾರ ತಡೆಯುತ್ತಿತ್ತು. ಜ್ಯಾನೀನ್ ಅಲ್ಲಿದ್ದ ಪ್ಲಗ್ ಕಿತ್ತು ಹಂಡೆಯದ್ದನ್ನು ಹಾಕಿದಳು. ಅರ್ಧ ಗಂಟೆಯ ಮಾತು, ಏನು ಮಹಾ. ಚಹಾ ಆಯಿತು, ತೆಂಗಿನ ತುರಿ ಹೊರಳಿಸಿದ ಚಾಕಲೇಟ್ ಕೇಕು ಆಯಿತು, ಹಾವುಗಳ ಮಲಬದ್ಧತೆಯ ಬಗ್ಗೆ ಒಂದು ಗಂಟೆ ಚರ್ಚೆ ಆಯಿತು. ಹಂಡೆ ತೊಳೆದಳು, ಕಪ್ಪು ತೊಳೆದಳು, ನೆಲ ಗುಡಿಸಿದಳು. ನೋಲೀನ್ ಬಂದು ನೋಡಿದರೆ ಒಂದು ಚೂರು ಕಸ ಸಿಗಬಾರದು ಅಂತ ಮೂಲೆ ಮೂಲೆ ಒರೆಸಿದಳು. ಫ್ರೀಜರಿನ ಪ್ಲಗ್ ನೆಲದ ಮೇಲೇ ಉಳಿಯಿತು.

ಬುಧವಾರ ಮಧ್ಯಾಹ್ನ ಮಕ್ಕಳನ್ನು ಇಳಿಸಿ ಬಂದು ಬೀಗ ತೆಗೆದಾಗ ಮುಚ್ಚಳದಡಿಯಿಂದ ಒಂದು ಬೆಚ್ಚನೆ ವಾಸನೆ ಬಂತು. ಚೀಲ ಒತ್ತಿದರೆ ಮೆತ್ತಗೆ. ತಳದಲ್ಲಿ ಗುಲಾಬಿ ಬಣ್ಣದ ನೀರು. ಅರ್ಧ ಮಾತ್ರ ತುಂಬಿದ್ದ ಫ್ರೀಜರ್, ಮೂವತ್ತನಾಲ್ಕು ಡಿಗ್ರಿ ಸೆಕೆ, ಪೂರ್ತಿ ಮೂರು ದಿನ. ಜ್ಯಾನೀನಳ ತಲೆ ಯೋಚಿಸುವ ಮೊದಲೇ ಕೈ ಹೋಗಿ ಪ್ಲಗ್ ಸಿಕ್ಕಿಸಿತ್ತು. ಯಂತ್ರ ಗುರ್ ಅಂತ ಶುರುವಾಯಿತು. ಅವಳು ನೆಲ ಒರೆಸಿ ಬೀಗ ಹಾಕಿ ಮನೆಗೆ ಬಂದಳು. ಏನೂ ಆಗಿಲ್ಲ ಅಂತ ತನಗೆ ತಾನೇ ಹೇಳಿಕೊಂಡಳು.

ಶುಕ್ರವಾರ ಬೆಳಿಗ್ಗೆ ಎಲ್ಲವೂ ಕಲ್ಲಾಗಿತ್ತು. ಆದರೆ ಒಂದು ಚೀಲವೂ ಸದ್ದು ಮಾಡುತ್ತಿರಲಿಲ್ಲ. ಅಂದು ಸಂಜೆ ನೋಲೀನ್ ಬರುವವಳಿದ್ದಳು, ಶನಿವಾರ ಎಲ್ಲರೂ ತಮ್ಮ ಪಾಲು ಒಯ್ಯಲು ಬರುವವರಿದ್ದರು. ದಕ್ಷಿಣದ ಹೆದ್ದಾರಿ ನೆರೆಯಲ್ಲಿ ಮುಳುಗಿತ್ತು. ಲಾರಿ ಇನ್ನು ಮೂರು ವಾರ ಬರುವ ಹಾಗಿರಲಿಲ್ಲ. ಆಗ ಜ್ಯಾನೀನ್ ಮಾಡಿದ ಕೆಲಸವನ್ನು ಬೇರೆ ಯಾವ ಊರಿನ ಯಾವ ಕಳ್ಳನೂ ಮಾಡಿರಲಿಕ್ಕಿಲ್ಲ. ಒಂದೊಂದೇ ಚೀಲವನ್ನು ಎತ್ತಿ ಕಾಂಕ್ರೀಟಿನ ಮೆಟ್ಟಿಲಿಗೆ ಅಪ್ಪಳಿಸಿದಳು. ಮುದ್ದೆ ಒಡೆದು ಇಲಿಗಳು ಬಿಡಿಬಿಡಿಯಾದವು. ಮೂಲೆಯ ಕೆಂಪು ಮಂಜನ್ನು ಚಮಚದಲ್ಲಿ ಕೆರೆದು ತೆಗೆದಳು. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. ಖಣಖಣ.

ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಎಲ್ಲರಿಗಿಂತ ಮುಂಚೆ ಬಂದವನು ಕ್ಲಾಡಿಯೊ. ಅವನಿಗೆ ಅವಸರವಿತ್ತು. ಅವನ ಹೆಬ್ಬಾವಿನ ಮೊಟ್ಟೆ ಒಡೆದು ಹನ್ನೆರಡು ಮರಿಗಳಾಗಿದ್ದವು, ಹಳದಿ ಕಪ್ಪು ಪಟ್ಟೆಯ, ಪೆನ್ಸಿಲ್ ದಪ್ಪದ ಮರಿಗಳು. ಅವಕ್ಕೆ ತಿನ್ನಲು ಕಲಿಸಲಿಕ್ಕೇ ಆರು ವಾರ ಹಿಡಿದಿತ್ತು. ಒಂದೊಂದೂ ಈಗ ಎರಡೆರಡು ಸಲ ತಿಂದಿವೆ. ಈ ಹಂತದಲ್ಲಿ ಕೆಟ್ಟದ್ದೇನಾದರೂ ಹೊಟ್ಟೆಗೆ ಹೋಗಿ ವಾಂತಿಯಾದರೆ ಹೆಚ್ಚಿನವು ಉಳಿಯುವುದಿಲ್ಲ. ಇದು ಕೂಟದಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ, ಜ್ಯಾನೀನಳಿಗೂ.

ನೋಲೀನ್ ಕುರ್ಚಿಯಲ್ಲಿ ಕೂತಿದ್ದಳು, ಬಲಗಣ್ಣಿಗೆ ಪಟ್ಟಿ. ಒಂದೇ ವಾರಕ್ಕೆ ಸಣ್ಣಗಾಗಿದ್ದಳು.

"ಕಡಲ್ಗಳ್ಳರ ನಾಯಕಿ ಥರ ಇದೀಯ," ಅಂದ ಕ್ಲಾಡಿಯೊ. "ಭುಜದ ಮೇಲೊಂದು ಗಿಳಿ ಕಡಿಮೆ ಆಗಿದೆ."

"ಗಿಳಿ ಯಾಕೆ, ನೀನಿದೀಯಲ್ಲ, ಹೇಳಿದ್ದನ್ನೇ ಹೇಳೋಕೆ. ಜ್ಯಾನೀನ್, ಅವನ ಚೀಲ ಕೊಡು ಇಲ್ಲಿ."

ರೋಮ ಬಾರದ ಎಳೆ ಇಲಿಮರಿಗಳ ಚೀಲ. ನೋಲೀನ್ ಅದನ್ನು ಎಡಗಣ್ಣಿನ ಹತ್ತಿರ ಹಿಡಿದಳು, ಏನೂ ಕಾಣಲಿಲ್ಲವೋ ಏನೋ, ಕಿವಿಗೆ ಹಿಡಿದು ಅಲ್ಲಾಡಿಸಿದಳು. ಖಣಖಣ ಅಂದಿತು.

"ತಗೊ," ಅಂದಳು ನೋಲೀನ್. "ಚೆನ್ನಾಗಿದೆ."

ಕ್ಲಾಡಿಯೊ ಚೀಲವನ್ನು ಮಂಜಿನ ಡಬ್ಬಿಗೆ ಹಾಕಿಕೊಂಡು, ಗಾಡಿ ಹತ್ತಿ, ಕೈಬೀಸಿ ಹೋದ. ನೋಲೀನ್ ಜ್ಯಾನೀನಳತ್ತ ತಿರುಗಿದಳು. "ಎಷ್ಟು ಚೊಕ್ಕಟವಾಗಿ ಇಟ್ಟಿದೀಯೇ," ಅಂದಳು. "ನೆಲ ಕೂಡ ನಾನು ಒರೆಸೋದಕ್ಕಿಂತ ಚೆನ್ನಾಗಿ ಒರೆಸಿದೀಯ. ಟೌನ್ಸ್‌ವಿಲ್‌ನಲ್ಲಿ ಮುಖ ಕೆಳಗೆ ಹಾಕಿ ಮಲಗಿದ್ದೆನಲ್ಲ, ಒಂದು ದಿನವೂ ಇದರ ಚಿಂತೆ ಆಗಲಿಲ್ಲ ನಂಗೆ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. ಈ ಮಾತನ್ನು ತಡೆದುಕೊಳ್ಳಲು ಜ್ಯಾನೀನಳಿಂದ ಆಗಲಿಲ್ಲ. "ಈಗ ಬಂದೆ" ಅಂತ ಹೇಳಿ ಹೊರಗೆ ಓಡಿದಳು. ಹೊರಗೆ ನಿಂತಿದ್ದದ್ದು ಶಾಲೆಯ ಬಸ್ಸು. ಹನ್ನೊಂದಕ್ಕೆ ಮಕ್ಕಳನ್ನು ಈಜುಸ್ಪರ್ಧೆಗೆ ಕರೆದೊಯ್ಯಬೇಕಿತ್ತು ಅಂತ ಅದನ್ನೇ ತಂದಿದ್ದಳು. ಹತ್ತಿ ಓಡಿಸಿದಳು.

ಹ್ಯಾಲಿಫ್ಯಾಕ್ಸ್ ರಸ್ತೆಯಲ್ಲಿ ಎರಡೂ ಕಡೆ ಆಳೆತ್ತರದ ಕಬ್ಬು. ಖಾಲಿ ಬಸ್ಸು ಸೀಟುಗಳನ್ನೆಲ್ಲ ಗಡಗಡಿಸುತ್ತಾ, ದೀಪ ಮಿನುಗಿಸುತ್ತಾ, ಹಾರ್ನ್ ಹೊಡೆಯುತ್ತಾ ಬರುವುದನ್ನು ಕನ್ನಡಿಯಲ್ಲಿ ಕಂಡ ಕ್ಲಾಡಿಯೊ ಎರಡು ಮೈಲಿ ಆದಮೇಲೆ ಪಕ್ಕಕ್ಕೆ ನಿಲ್ಲಿಸಿದ. ಕಿಟಕಿಯಿಂದ ತಲೆ ಹೊರಗೆ ಹಾಕಿದ.

"ನಂಗೆ ಅರವತ್ತೆರಡು ಮಾರಾಯ್ತಿ. ಶಾಲೆಗೆ ಹೋಗೋ ವಯಸ್ಸು ದಾಟಿದೆ."

"ಆ ಚೀಲ ವಾಪಸ್ ಕೊಡು."

"ಯಾಕೆ?"

ಅವಳು ಹೇಳಿದಳು. ಹಂಡೆ, ಪ್ಲಗ್, ಮೂರು ದಿನ, ಮೆಟ್ಟಿಲು. ರಸ್ತೆಯ ನಡುವೆ ನಿಂತೇ ಹೇಳಿದಳು. ಕ್ಲಾಡಿಯೊನ ಮುಖದ ನಗು ನಿಧಾನಕ್ಕೆ ಇಳಿಯಿತು. ಡಬ್ಬಿ ತೆಗೆದು ಚೀಲ ಕೊಟ್ಟ.

"ನೋಲೀನ್‌ಗೆ ಹೇಳಿದ್ಯಾ?"

"ಇನ್ನೂ ಇಲ್ಲ."

"ಮೊದಲು ನಂಗೆ ಹೇಳಿದೆಯಾ?"

"ಚೀಲ ನಿನ್ನ ಕೈಯಲ್ಲಿತ್ತಲ್ಲ."

ಕ್ಲಾಡಿಯೊ ಸ್ವಲ್ಪ ಹೊತ್ತು ಸ್ಟಿಯರಿಂಗ್ ಮೇಲೆ ಬೆರಳು ಬಡಿದ. "ಸರಿ, ನಡಿ," ಅಂದ. "ನಾನೂ ಬರ್ತೀನಿ. ಅವಳು ನಿನ್ನನ್ನ ಕೊಲ್ಲೋದಾದ್ರೆ ಸಾಕ್ಷಿಗೆ ಒಬ್ಬರು ಬೇಕು."

ನೋಲೀನ್ ಕುರ್ಚಿಯಿಂದ ಎದ್ದಿರಲಿಲ್ಲ. ಜ್ಯಾನೀನ್ ಅವಳ ಮುಂದೆ ನಿಂತು ಎಲ್ಲವನ್ನೂ ಹೇಳಿದಳು. ಯಾವ ಮಾತನ್ನೂ ಹಗುರ ಮಾಡಲಿಲ್ಲ, ಮೆಟ್ಟಿಲಿನದ್ದನ್ನೂ ಬಿಡಲಿಲ್ಲ. ಕ್ಲಾಡಿಯೊ ದೂರದಲ್ಲಿ ನಿಂತು ತನ್ನ ಟೋಪಿಯನ್ನೇ ಪರೀಕ್ಷೆ ಮಾಡುತ್ತಿದ್ದ. ಹೇಳಿ ಮುಗಿದ ಮೇಲೆ ನೋಲೀನ್ ಕೇಳಿದ್ದು ಆಸ್ಪತ್ರೆಯ ಅಡುಗೆಮನೆಯಲ್ಲಿ ಕೇಳುತ್ತಿದ್ದಂಥ ಪ್ರಶ್ನೆಗಳು.

"ಪ್ಲಗ್ ಕಿತ್ತಿದ್ದು ಎಷ್ಟು ಗಂಟೆಗೆ?"

"ಭಾನುವಾರ ಹನ್ನೊಂದು."

"ತಳದ ಚೀಲದಲ್ಲಿ ಒಂದಾದ್ರೂ ಮಂಜಿನ ಹರಳು ಉಳಿದಿತ್ತಾ? ಮುಟ್ಟಿ ನೋಡಿದ್ಯಾ?"

"ಮುಟ್ಟಿದೆ. ಇರಲಿಲ್ಲ. ನೀರು ಬೆಚ್ಚಗಿತ್ತು."

"ಹಾಗಾದ್ರೆ ಎಲ್ಲ ಹೋಯ್ತು. ಒಂದನ್ನೂ ಉಳಿಸೋ ಹಾಗಿಲ್ಲ." ನೋಲೀನ್ ಕಂಬ ಹಿಡಿದು ಎದ್ದಳು. "ದೊಡ್ಡ ಹಾವುಗಳ ಚಿಂತೆ ಇಲ್ಲ. ಇನ್ನೊಂದು ತಿಂಗಳು ಹಸಿದ್ರೂ ಅವಕ್ಕೆ ಏನೂ ಆಗಲ್ಲ, ನೀವೇ ಒದ್ದಾಡ್ತೀರಿ. ಮರಿಗಳಿಗೆ ಮಾತ್ರ ಬೇಕು. ಕ್ಲಾಡಿಯೊ, ಮೇಲೆ ಹೋಗು. ಅಡುಗೆಮನೆ ಫ್ರಿಜ್ಜಿನ ಮೇಲಿನ ಮಂಜಿನ ಖಾನೆ, ಬಟಾಣಿ ಪೊಟ್ಟಣದ ಹಿಂದೆ ಒಂದು ನೀಲಿ ಡಬ್ಬಿ ಇದೆ. ನಲವತ್ತು ಎಳೆ ಇಲಿಮರಿ. ಅದು ಈ ಪೆಟ್ಟಿಗೆಗೆ ಯಾವತ್ತೂ ಇಳಿದಿಲ್ಲ."

ಕ್ಲಾಡಿಯೊ ಬೆರಗಾಗಿ ನಿಂತ. "ಬಟಾಣಿ ಹಿಂದೆ ಯಾಕೆ ಇಟ್ಟಿದೀಯ?"

"ಇಂಥಾ ದಿನ ಬರುತ್ತೆ ಅಂತ. ಪ್ರತಿ ಮಳೆಗಾಲಕ್ಕೂ ಇಟ್ಟಿರ್ತೀನಿ. ನಡಿ, ನಿಂತ್ಕೊಬೇಡ."

ಜ್ಯಾನೀನಳಿಗೆ ಆ ಗಳಿಗೆಯಲ್ಲಿ ನಾಚಿಕೆಯ ಜೊತೆಜೊತೆಗೇ ಹೆಮ್ಮೆಯೂ ಆಯಿತು, ಇಂಥ ಹೆಂಗಸಿನ ಕೈಕೆಳಗೆ ಎಂಟು ವರ್ಷ ಕಲಿತೆನಲ್ಲ ಅಂತ. ಹತ್ತೊಂಬತ್ತು ಮಳೆಗಾಲ ಒಬ್ಬರಿಗೂ ಹೇಳದೆ, ಎಂದೂ ಬೇಕಾಗದ ಒಂದು ಡಬ್ಬಿಯನ್ನು ಬಟಾಣಿ ಹಿಂದೆ ಇಟ್ಟವಳು ಅವಳು. ಊರಲ್ಲಿ ಪದಕ ಹಾಕಿಸಿಕೊಂಡು ತಿರುಗುವ ಎಷ್ಟೋ ಜನಕ್ಕೆ ಇದರ ಕಾಲುಭಾಗ ಬುದ್ಧಿ ಇಲ್ಲ.

"ಇನ್ನು ಎಲ್ಲರಿಗೂ ಫೋನ್ ಮಾಡಬೇಕು," ಅಂದಳು ನೋಲೀನ್. "ಹತ್ತರಿಂದ ಒಬ್ಬೊಬ್ಬರೇ ಬರೋಕೆ ಶುರು ಮಾಡ್ತಾರೆ."

"ನಾನೇ ಮಾಡ್ತೀನಿ."

"ಇನ್ಯಾರು ಮಾಡ್ತಾರೆ ಮತ್ತೆ?"

ಜ್ಯಾನೀನ್ ಒಂದೊಂದೇ ನಂಬರಿಗೆ ಫೋನ್ ಹಚ್ಚಿದಳು. ನೋಲೀನ್ ಪಕ್ಕದಲ್ಲೇ ಕೂತು ಕೇಳಿಸಿಕೊಂಡಳು. ಕೆಲವರು ಬೈದರು. ಕೆಲವರು ನಕ್ಕರು. ಒಬ್ಬಳು, "ಕಲ್ಲಿನ ಹಾಗಿದ್ರೆ ಏನಾಗುತ್ತೆ, ನಂಗೆ ನನ್ನ ಪಾಲು ಕೊಟ್ಬಿಡು" ಅಂದಳು; ಜ್ಯಾನೀನ್ ಆಗಲ್ಲ ಅಂದಳು, ಮತ್ತೆ ಕೇಳಿದ್ದಕ್ಕೆ ಮತ್ತೆ ಆಗಲ್ಲ ಅಂದಳು. ಅಲ್ಲಿಗೆ ಈಜುಸ್ಪರ್ಧೆಯ ಹೊತ್ತಾಯಿತು. ಉಳಿದ ಹನ್ನೊಂದು ಜನಕ್ಕೆ ಈಜುಕೊಳದ ಬೇಲಿ ಪಕ್ಕ ನಿಂತು, ಮಕ್ಕಳ ಗಲಾಟೆಯ ನಡುವೆ ಕಿರುಚಿ ಹೇಳಿದಳು. ಸಂಜೆಯೊಳಗೆ ಊರಿಗೆಲ್ಲ ವಿಷಯ ಗೊತ್ತಾಗಿತ್ತು, ಮಕ್ಕಳ ತಾಯಂದಿರಿಗೂ.

ಭಾನುವಾರ ಬೆಳಿಗ್ಗೆ ಕ್ಲಾಡಿಯೊನ ಹೊಲದಂಚಿನಲ್ಲಿ ಅವನ ಯಂತ್ರವೇ ಗುಂಡಿ ತೋಡಿತು. ಆಳಕ್ಕೇ ಹೂಳಬೇಕು, ಇಲ್ಲದಿದ್ದರೆ ಕಾಡುಹಂದಿ, ಹದ್ದು ಎಲ್ಲವಕ್ಕೂ ಹಬ್ಬ. ಮಳೆ ನಿಂತಿತ್ತು. ಬರಬೇಕಾದ ಅಗತ್ಯವಿಲ್ಲದ ಜನರೂ ಬಂದಿದ್ದರು, ಹತ್ತಿಪ್ಪತ್ತು ಮಂದಿ. ಮುನ್ನೂರ ಎಂಬತ್ತು ಇಲಿ ಗುಂಡಿಗೆ ಬೀಳುವುದನ್ನು ನೋಡುತ್ತಾ ಎಲ್ಲರೂ ನಿಂತರು. ಜ್ಯಾನೀನ್ ಒಬ್ಬಳೇ ಚೀಲ ಬಿಚ್ಚಿ ಸುರಿಯುತ್ತಿದ್ದಳು. ಅದನ್ನು ನೋಡಲಾಗದೆ ಕ್ಲಾಡಿಯೊ ಕೆಮ್ಮಿದ.

"ನಾನೂ ಒಂದು ಸಲ," ಅಂದ, "ಒಂದೇ ಇಲಿಯನ್ನ ಮೂರು ಸಲ ಕರಗಿಸಿ ಮೂರು ಸಲ ವಾಪಸ್ ಇಟ್ಟಿದ್ದೆ. ನಮ್ಮ ಮುದುಕಿ ಹಾವು ತಿನ್ನಲೇ ಇಲ್ಲ. ಅದಕ್ಕೆ ನನಗಿಂತ ಬುದ್ಧಿ ಇತ್ತು."

ಒಬ್ಬ ಬಾಯಿ ಬಿಟ್ಟದ್ದೇ ತಡ, ಉಳಿದವರಿಗೂ ಧೈರ್ಯ ಬಂತು. ಔಷಧಿ ಅಂಗಡಿಯವನು ಒಂದು ಸಲ. ಚರ್ಚಿನ ಪಿಯಾನೋ ನುಡಿಸುವವಳು ಎರಡು ಸಲ, ಆಮೇಲೆ ನೆನಪಿಸಿಕೊಂಡು ಮೂರು ಅಂದಳು. ಜ್ಯಾನೀನಳ ತಪ್ಪಿನ ಭಾರ ತಾವೂ ಸ್ವಲ್ಪ ಹೊತ್ತರೆ ಅವಳಿಗೆ ಹಗುರವಾದೀತು ಅಂತ ಪಾಪ ಎಲ್ಲರ ಉದ್ದೇಶ. ಒಳ್ಳೇ ಜನ, ನಿಜಕ್ಕೂ ಒಳ್ಳೇ ಜನ. ಆದರೆ ಕುರ್ಚಿ ಹಾಕಿಸಿಕೊಂಡು ಕೂತಿದ್ದ ನೋಲೀನ್ ಈ ತಪ್ಪೊಪ್ಪಿಗೆಯನ್ನೆಲ್ಲ ಕೇಳುತ್ತಾ ಕೆಂಡವಾಗುತ್ತಿದ್ದಳು.

"ಹತ್ತೊಂಬತ್ತು ವರ್ಷ," ಅಂದಳು. "ಹತ್ತೊಂಬತ್ತು ವರ್ಷ ಬಾಯಿ ಒಣಗಿಸ್ಕೊಂಡು ಹೇಳಿದೀನಿ. ತಲೆ ಆಡಿಸಿದ್ರಿ, ಚಹಾ ಕುಡಿದ್ರಿ, ಮನೆಗೆ ಹೋಗಿ ಇದೇ ಮಾಡಿದ್ರಿ. ಅವಳನ್ನ ನೋಡಿ ಹೇಳ್ಕೊಳ್ತಾ ಇದೀರಲ್ಲ, ಅವಳ ಸಮಕ್ಕೆ ನಿಂತ್ವಿ ಅಂದ್ಕೊಂಡ್ರಾ? ಅವಳು ಹೇಳಿದ್ದು ಹಾವು ತಿನ್ನೋ ಮುಂಚೆ. ನೀವು ಹೇಳ್ತಾ ಇರೋದು ಗುಂಡಿ ತೋಡಿದ ಮೇಲೆ."

ಪಿಯಾನೋದವಳು ನೆಲ ನೋಡಿದಳು.

ವಾಪಸ್ ಹೋಗುವಾಗ ನೋಲೀನ್ ಬಸ್ಸಿನಲ್ಲಿ ಡ್ರೈವರ್ ಹಿಂದಿನ ಸೀಟಿಗೆ ಕೂತಳು. ಮನೆ ಮುಂದೆ ನಿಲ್ಲಿಸಿದಾಗ ಜ್ಯಾನೀನ್ ಜೇಬಿನಿಂದ ಕೀಲಿ ತೆಗೆದು ಹಿಂದಕ್ಕೆ ಚಾಚಿದಳು. ನೋಲೀನ್ ತೆಗೆದುಕೊಳ್ಳಲಿಲ್ಲ.

"ನೀನು ಒಂದು ತಿಳ್ಕೋಬೇಕು," ಅಂದಳು. "ನಿನ್ನೆ ಚೀಲ ಅಲ್ಲಾಡಿಸಿದಾಗ ನಂಗೆ ಗೊತ್ತಾಗಲಿಲ್ಲ. ಗೊತ್ತಿದ್ದೂ ಸುಮ್ಮನಿದ್ದೆ ಅಂತ ಅಂದ್ಕೋಬೇಡ. ನಿಜವಾಗ್ಲೂ ಗೊತ್ತಾಗಲಿಲ್ಲ. ಚೆನ್ನಾಗಿದೆ ಅಂತ ನಾನೇ ಬಾಯಿಬಿಟ್ಟು ಹೇಳಿ ಕೊಟ್ಟೆ. ಆ ಮರಿಗಳು ಸತ್ತಿದ್ರೆ ಕೊಂದವಳು ನಾನಾಗ್ತಿದ್ದೆ, ನೀನಲ್ಲ. ಅದನ್ನ ನನ್ನ ಕೈಯಲ್ಲಿ ಮಾಡಿಸ್ತಿದ್ದೆ ನೀನು."

ಜ್ಯಾನೀನಳಿಗೆ ಇದು ಹೊಳೆದಿರಲೇ ಇಲ್ಲ. ಸ್ಟಿಯರಿಂಗ್ ಮೇಲೆ ತಲೆಯಿಟ್ಟು ಅತ್ತಳು. ನೋಲೀನ್ ಅಳಲು ಬಿಟ್ಟಳು.

"ಮುಗೀತಾ? ಕಣ್ಣಿನ ಡಾಕ್ಟ್ರು ಬಲಗಣ್ಣು ಇನ್ನು ಬರಲ್ಲ ಅಂದ್ರು. ಎಡಗಣ್ಣಲ್ಲಿ ಬೆಳಕು, ನೆರಳು, ಮನುಷ್ಯರ ಆಕಾರ, ಅಷ್ಟೆ. ಇಲಿ ಹೊಟ್ಟೆ ಬಣ್ಣ ಕಾಣೋ ಕಾಲ ಮುಗೀತು. ಕೀಲಿ ಇಟ್ಕೊ. ದೊಡ್ಡ ಮನಸ್ಸು ಮಾಡ್ತಿದೀನಿ ಅಂತ ತಿಳ್ಕೋಬೇಡ, ನಂಗೆ ನಿನ್ನ ಮೇಲೆ ಸಿಟ್ಟಿದೆ, ಈಸ್ಟರ್‌ವರೆಗೂ ಇರುತ್ತೆ. ಆದ್ರೂ ಇಟ್ಕೊ."

ಸಿಟ್ಟು ಹೇಳಿದ ಹಾಗೇ ಇತ್ತು. ಮೂರು ವಾರ ನೋಲೀನ್ ಅವಳ ಜೊತೆ ಹವಾಮಾನ ಬಿಟ್ಟು ಬೇರೆ ಮಾತಾಡಲಿಲ್ಲ. ಜ್ಯಾನೀನ್ ದಿನಾ ಬಂದು ಫ್ರೀಜರ್ ತೊಳೆದಳು, ಒಣಗಿಸಿದಳು, ಕರೆಂಟಿನವನನ್ನು ಕರೆಸಿ ಅದಕ್ಕೆ ಬೇರೆ ಯಾರೂ ಕೈಹಾಕಲಾಗದ ಪ್ರತ್ಯೇಕ ಪಾಯಿಂಟ್ ಹಾಕಿಸಿದಳು. ಕ್ಲಾಡಿಯೊನ ಮರಿಗಳು ಹನ್ನೆರಡೂ ನೀಲಿ ಡಬ್ಬಿಯದ್ದನ್ನು ತಿಂದು, ಅರಗಿಸಿಕೊಂಡು, ಒಮ್ಮೆ ಪೊರೆ ಕಳಚಿದವು. ಅವನು ಪ್ರತಿ ಮರಿಯ ಫೋಟೋ ಕಳಿಸಿದ. ಜ್ಯಾನೀನ್ ಅವನ್ನು ನೋಲೀನಳಿಗೆ ಒಂದೊಂದಾಗಿ ಬಣ್ಣಿಸಿ ಹೇಳಿದಳು. ನೋಲೀನ್ "ಹೂಂ" ಅಂದಳು.

ಮಾರ್ಚ್ ಮಧ್ಯದಲ್ಲಿ ಹೆದ್ದಾರಿ ತೆರೆಯಿತು, ಲಾರಿ ಬಂತು. ಜ್ಯಾನೀನ್ ಟ್ರೇಗಳನ್ನು ಹಾಸಿ ಇಲಿಗಳನ್ನು ಒಂದೊಂದಾಗಿ ತಿರುಗಿಸಿ ನೋಡಿದಳು, ಬಾಲ ನೇರ ಮಾಡಿದಳು, ಸಾಲು ಜೋಡಿಸಿದಳು. ನೋಲೀನ್ ಪಕ್ಕದ ಕುರ್ಚಿಯಲ್ಲಿ ಕೂತು ಚಹಾ ಕುಡಿಯುತ್ತಿದ್ದಳು. ಐದನೇ ಟ್ರೇಯ ಹೊತ್ತಿಗೆ ಜ್ಯಾನೀನಳ ಕೈ ನಿಂತಿತು. ಒಂದು ದೊಡ್ಡ, ಒಳ್ಳೇ ಇಲಿ. ಹೊಟ್ಟೆಯ ಒಂದು ಬದಿಗೆ ಬಣ್ಣ ಸ್ವಲ್ಪ ಬೇರೆ ಅನ್ನಿಸಿತು. ಹಸಿರು ಅಂತ ಹೇಳುವ ಹಾಗಿಲ್ಲ, ಅಲ್ಲ ಅಂತಲೂ ಹೇಳುವ ಹಾಗಿಲ್ಲ. ಬೆಳಕಿಗೆ ಹಿಡಿದು ನೋಡಿದಳು, ಮತ್ತೆ ನೋಡಿದಳು.

"ಇದೊಂದು ಯಾಕೋ ಅನುಮಾನ," ಅಂದಳು. "ಏನು ಮಾಡೋದು?"

ನೋಲೀನ್ ಚಹಾದ ಕಪ್ಪನ್ನು ಕೆಳಗಿಟ್ಟಳು.

"ಯಾರನ್ನ ಕೇಳ್ತಿದೀಯ?" ಅಂದಳು.

ಜ್ಯಾನೀನ್ ಇಲಿಯನ್ನು ಕಸದ ಬಕೆಟ್ಟಿಗೆ ಹಾಕಿ, ಮುಂದಿನದನ್ನು ಕೈಗೆತ್ತಿಕೊಂಡಳು.